ಕಡಾಣಿ ಬಿದ್ದಾಗ ಅನ್ನ ಬಸಿಯಬೇಕು

ನಮ್ಮ ಮನೆಯಲ್ಲಿ ಈಗ ಅಡುಗೆ ಮಾಡುವವರು ಇಬ್ಬರು. ಒಬ್ಬಳು ಸೊಸೆ, ಇನ್ನೊಂದು ಅವಳ ಕುಕ್ಕರು. ಇಬ್ಬರಲ್ಲಿ ಕುಕ್ಕರಿನದೇ ದೊಡ್ಡ ಬಾಯಿ. ಮೊನ್ನೆ ಸೊಸೆ ಸ್ನಾನಕ್ಕೆ ಹೋಗುವಾಗ, "ಅತ್ತೆ, ನಾಲ್ಕು ಕೂಗಿದ ಮೇಲೆ ಆರಿಸಿಬಿಡಿ" ಎಂದಳು. ಎಣಿಸುತ್ತಾ ಕೂತೆ. ಎರಡರವರೆಗೆ ನೆನಪಿದೆ. ಆಮೇಲೆ ಯಾವ ಮಾಯದಲ್ಲೋ ಬಾಯಿ ತಾನಾಗಿ ಗುನುಗಲು ಶುರು ಮಾಡಿತ್ತು. ಅವಳು ತಲೆ ಒರೆಸಿಕೊಳ್ಳುತ್ತಾ ಬಂದು, "ಎಷ್ಟಾಯ್ತು ಅತ್ತೆ?" ಎಂದಾಗ, "ಈಗಿನ್ನೂ ಕೆರೆ ಏರಿ ದಾಟ್ತಾ ಇದೆ ಕಣಮ್ಮ" ಎಂದುಬಿಟ್ಟೆ. ಪಾಪ, ಸೊಸೆ ಒಳ್ಳೆಯವಳು. ಅವತ್ತೇ ಗಂಡನ ಹತ್ತಿರ, "ಅತ್ತೇನ ಒಂದ್ಸಲ ಡಾಕ್ಟರಿಗೆ ತೋರಿಸೋಣ" ಎಂದಳಂತೆ.

ತೋರಿಸಲಿ. ಡಾಕ್ಟರಿಗೆ ಸಿಕ್ಕುವ ಕಾಯಿಲೆ ಅಲ್ಲ ಇದು. ಇದು ನಮ್ಮವ್ವನ ಒಲೆಯಿಂದ ಹತ್ತಿದ್ದು.

ನಾನು ಬೆಳೆದದ್ದು ಮದ್ದೂರಿನಲ್ಲಿ. ಮದ್ದೂರು ಎಂದೊಡನೆ ನಿಮಗೆ ವಡೆ ನೆನಪಾಯಿತು, ಗೊತ್ತು, ಅದು ನಿಮ್ಮ ತಪ್ಪಲ್ಲ ಬಿಡಿ. ಎರಡನೇ ಮಹಾಯುದ್ಧದ ಕಾಲ. ಅಪ್ಪ ಅಲ್ಲಿ ಒಂದು ಸ್ಕೂಲಿನಲ್ಲಿ ಮೇಷ್ಟ್ರು. ಹೊಲ ಉಳುವ ಮನೆತನದಲ್ಲಿ ಮೊದಲ ಸಲ ಕೋಟು ತೊಟ್ಟವನು. ಆ ಕೋಟಿನ ಜೊತೆಗೆ ನಾಲಿಗೆಗೂ ಒಂದು ಕೋಟು ತೊಡಿಸಿದ್ದ. 'ಓಯ್ತೀನಿ, ಬತ್ತೀನಿ' ಎಂದು ಬೆಳೆದ ಮನುಷ್ಯ 'ಹೋಗುತ್ತೇನೆ, ಬರುತ್ತೇನೆ' ಎಂದು ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ. ಅವ್ವ ಚಿಕ್ಕತಾಯಿ ಮಳವಳ್ಳಿ ಕಡೆಯ ಹಳ್ಳಿಯವಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಗಡಿಯಾರ ನೋಡಲು ಬರುತ್ತಿರಲಿಲ್ಲ, ನಾಚಿಕೆ ಪಡಲು ಮೊದಲೇ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದು ಪದ, ಅದರ ಮೇಲೆ ಇಡೀ ಅಡುಗೆ.

ತವರಿಗೆ ಬಂದ ತಂಗಿಯನ್ನು ಅಣ್ಣ ಗಾಡಿ ಕಟ್ಟಿಕೊಂಡು ಮುತ್ತತ್ತಿಗೆ ಕರೆದುಕೊಂಡು ಹೋಗುವ ಪದ ಅದು. "ಕಟ್ಟಣ್ಣ ಗಾಡಿ, ಕರಿಯೆತ್ತು ಬಿಳಿಯೆತ್ತು, ಮುತ್ತತ್ತಿ ಮಳಲ ತುಳಿಬೇಕು" ಎಂದು ಶುರು. ಅವ್ವನ ಅವ್ವನಿಂದ ಬಂದದ್ದಂತೆ. ಏಳು ನುಡಿ. ಮೊದಲನೇ ನುಡಿಯಲ್ಲಿ ಎತ್ತು ಕಟ್ಟುವುದು. ಎರಡರಲ್ಲಿ ಗಾಡಿ ಕೆರೆ ಏರಿ ದಾಟುವುದು. ಮೂರರಲ್ಲಿ ಚಕ್ರ ಕಳಚದಂತೆ ಅಚ್ಚಿನ ತುದಿಗೆ ಹೊಡೆದಿರುತ್ತಾರಲ್ಲ, ಆ ಕಡಾಣಿ ಎಲ್ಲೋ ಬಿದ್ದುಹೋಗುವುದು. ನಾಲ್ಕು, ಐದರಲ್ಲಿ ಅಣ್ಣ ಅದನ್ನು ಹುಡುಕುವುದು, ತಂಗಿ ಅವನನ್ನು ಬೈಯುವುದು. ಆರಕ್ಕೆ ಕಾಡು. ಏಳಕ್ಕೆ ಕಾವೇರಿ. ಒಂದೊಂದು ಸಾಲನ್ನೂ ಎರಡೆರಡು ಸಲ, ಎಳೆದು ಹಾಡಬೇಕು.

ಈ ಗಾಡಿಯೇ ಅವ್ವನ ಗಡಿಯಾರ. ಎಸರಿಗೆ ಅಕ್ಕಿ ಹಾಕಿ ಎತ್ತು ಕಟ್ಟಿದರೆ, ಕಡಾಣಿ ಬೀಳುವ ಹೊತ್ತಿಗೆ ಅನ್ನ ಬಸಿಯಬೇಕು. ರಾಗಿ ಹಿಟ್ಟು ಸುರಿದ ಮೇಲೆ ಗಾಡಿ ಕೆರೆ ದಾಟುವವರೆಗೆ ಕೋಲು ಮುಟ್ಟುವ ಹಾಗಿಲ್ಲ, ದಾಟಿದ ಮೇಲೆ ತೊಳಸಿದರೆ ಒಂದು ಗಂಟಿರುವುದಿಲ್ಲ. ಅವರೆಕಾಳಾದರೆ ಒಂದು ಸಲ ಮುತ್ತತ್ತಿಗೆ ಹೋಗಿ ಬರಬೇಕು. ಹುರುಳಿಕಾಳಾದರೆ ಎರಡು ಸಲ, ಹಳೇ ಹುರುಳಿಯಾದರೆ ಮೂರು. ನೆಂಟರ ಮನೆಯಲ್ಲಿ ಯಾರಾದರೂ, "ಬಸ್ಸಾರು ಎಂಗ್ ಮಾಡ್ತೀಯೆ ಚಿಕ್ಕತಾಯಿ?" ಎಂದು ಕೇಳಿದರೆ, ಅವ್ವ ನಗದೆ, "ಕಾಳ್ ಆಕ್ಬುಟ್ಟು ಮುತ್ತತ್ತಿಗ್ ಓಗಿ ಬಾ" ಎನ್ನುತ್ತಿದ್ದಳು. ಕೇಳಿದವರಿಗೆ ಸಿಟ್ಟು ಬರುತ್ತಿತ್ತು.

ಗಡಿಯಾರ ಎಂದ ಮೇಲೆ ಕೆಡದೆ ಇರುತ್ತದೆಯೇ? ತವರಿನಿಂದ ಯಾರಾದರೂ ಬಂದರೆ ಅವ್ವನ ಗಾಡಿಗೆ ರೆಕ್ಕೆ ಬರುತ್ತಿತ್ತು. ಮಾವ ಬಂದ ದಿನವೆಲ್ಲ ನಮಗೆ ಅರೆಬೆಂದ ಅನ್ನ. ಅಪ್ಪ ಒಂದಗುಳು ಹಿಸುಕಿ ನೋಡಿ, "ಈ ದಿನ ಎತ್ತುಗಳು ಜೋರಾಗಿವೆ" ಎನ್ನುತ್ತಿದ್ದ. ಅಪ್ಪನ ಮೇಲೆ ಕೋಪ ಬಂದ ದಿನ ಅವ್ವ ಕಡಾಣಿ ಹುಡುಕುವ ಜಾಗದಲ್ಲಿ ನಿಂತು ತಂಗಿಯ ಬೈಗುಳವನ್ನೇ ಮತ್ತೆ ಮತ್ತೆ ಹಾಡುತ್ತಿದ್ದಳು. ಅವತ್ತು ಸಾರು ತಳ ಹಿಡಿಯುತ್ತಿತ್ತು. ಗೋಡೆಯಾಚೆಯ ಮನೆಯ ಕೆಂಪಮ್ಮ ಇನ್ನೂ ಚೆನ್ನಾದವಳು. ಅವಳು ತನ್ನ ಅನ್ನವನ್ನೂ ನಮ್ಮವ್ವನ ಪದಕ್ಕೇ ಬಸಿಯುತ್ತಿದ್ದಳು. ತಾನು ಅಕ್ಕಿ ಹಾಕಿದ್ದು ತಡವಾಗಿ, ಆದರೆ ಇತ್ತ ಕಡಾಣಿ ಬಿದ್ದೊಡನೆ ಅತ್ತ ಬಸಿದೇಬಿಡುವುದು. ಆಮೇಲೆ ಗೋಡೆ ಮೇಲೆ ತಲೆ ಇಟ್ಟು, "ನೋಡೇ ಚಿಕ್ಕತಾಯಿ, ನಿನ್ ದೆಸೆಯಿಂದ ನನ್ನನ್ನ ಅಕ್ಕಿಅಕ್ಕಿ ಆಯ್ತು!" ಎಂದು ಜಗಳ.

ನನಗೆ ಆ ಪದ ಅಂದರೆ ಏನು ಎಂದು ಹೇಗೆ ಹೇಳಲಿ? ಜ್ವರ ಬಂದಾಗ ಅದು ಕೇಳಿದರೆ ಮೈ ತಣ್ಣಗಾಗುತ್ತಿತ್ತು. ಲೆಕ್ಕ ತಪ್ಪಿ ಅಪ್ಪನ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡು ಅಡುಗೆಮನೆಗೆ ಓಡಿದರೆ, ಗಾಡಿ ಕಾಡು ಸೇರುವ ಹೊತ್ತಿಗೆ ಅಳು ನಿಂತಿರುತ್ತಿತ್ತು. ಈಗಲೂ ಅಷ್ಟೇ. ಹೋದ ವರ್ಷ ಮಂಡ್ಯದಲ್ಲಿ ದವಡೆ ಹಲ್ಲು ಕೀಳಿಸಿದೆ. ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಎತ್ತು ಕಟ್ಟಿದೆ. ಕೆರೆ ದಾಟುವುದರೊಳಗೆ ಹಲ್ಲು ಆಚೆ ಬಂದಿತ್ತು. ಡಾಕ್ಟರು, "ಭಾರಿ ಧೈರ್ಯ ಅಜ್ಜಿ ನಿಮಗೆ" ಎಂದರು. ಬಾಯಲ್ಲಿ ಹತ್ತಿ ಇದ್ದದ್ದರಿಂದ ನಿಜ ಹೇಳಲಿಲ್ಲ.

ಇಂಥ ಪದವನ್ನು ಒಂದು ವರ್ಷ ಮನೆಯಿಂದ ಓಡಿಸಿದ ಪುಣ್ಯಾತ್ಗಿತ್ತಿ ಯಾರು ಎಂದರೆ, ನಾನೇ. ಆಗ ನನಗೆ ಹತ್ತು ವರ್ಷ, ನಾಲಿಗೆಗೆ ಇಪ್ಪತ್ತು.

ಅವರೆಕಾಯಿ ಕಾಲದಲ್ಲಿ ಸ್ಕೂಲಿನ ತನಿಖೆಗೆ ಮೈಸೂರಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಊಟ ನಮ್ಮ ಮನೆಯಲ್ಲಿ. ಅಪ್ಪ ಎರಡು ದಿನ ಮುಂಚೆಯೇ ಅವ್ವನಿಗೆ, "ಊಟ ಆಗುವವರೆಗೆ ಬಾಯಿ ಬಿಡಬೇಡ" ಎಂದು ತಾಕೀತು ಮಾಡಿದ್ದ. ನನಗೆ ತಾಕೀತು ಮಾಡುವುದು ಮರೆತಿದ್ದ. ಸಾಹೇಬರು ಎಲೆಯ ಮುಂದೆ ಕೂತು ಹಿತಕಿದವರೆ ಸಾರನ್ನು ಮೂರನೇ ಸಲ ಹಾಕಿಸಿಕೊಂಡು, ನೀರು ಕೊಡಲು ಹೋದ ನನ್ನನ್ನು, "ನಿಮ್ಮಮ್ಮ ಕಾಳನ್ನು ಇಷ್ಟು ಹದವಾಗಿ ಎಷ್ಟು ಹೊತ್ತು ಬೇಯಿಸ್ತಾರೆ ಮಗು?" ಎಂದು ಕೇಳಿದರು.

ಕೇಳಬಾರದವಳನ್ನು ಕೇಳಿದರು. ನಾನು ಚೊಂಬು ಕೆಳಗಿಟ್ಟು, ಕೈಕಟ್ಟಿ ನಿಂತು, ಗಾಡಿ, ಕೆರೆ, ಕಡಾಣಿ ಎಲ್ಲ ವರದಿ ಒಪ್ಪಿಸಿದೆ. ಸಾಲದು ಎಂದು ಮೊದಲೆರಡು ನುಡಿ ಹಾಡಿಯೂ ತೋರಿಸಿದೆ. ಸಾಹೇಬರು ಮೀಸೆಗೆ ಸಾರು ಹತ್ತುವಂತೆ ನಕ್ಕರು. "ಭೇಷ್! ಮೇಷ್ಟ್ರೆ, ಸ್ಕೂಲಿನಲ್ಲೂ ಗಂಟೆ ಹೀಗೇ ಹೊಡೆಸ್ತೀರೋ? ಕೆರೆ ದಾಟಿದರೆ ಲೆಕ್ಕ, ಕಾಡು ದಾಟಿದರೆ ಚರಿತ್ರೆ?"

ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಅಪ್ಪನ ಮುಖ ಬಾಡಿದ ಬದನೆಕಾಯಿ ಆಗಿತ್ತು. ಸಾಹೇಬರು ಬೀದಿ ತಿರುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆಯಿಂದ ಆ ಗಾಡಿ ಪದ ಈ ಮನೆಯಲ್ಲಿ ಕೇಳಬಾರದು. ಹಳ್ಳಿ ಬಿಟ್ಟು ಬಂದು ಹನ್ನೆರಡು ವರ್ಷ ಆಯಿತು, ನಿನ್ನಿಂದ ಹಳ್ಳಿ ಬಿಡಲಿಲ್ಲ" ಎಂದ.

ಅವ್ವ ಜಗಳ ಆಡುತ್ತಾಳೆ ಎಂದುಕೊಂಡೆ. ಅವಳು ಎಲೆ ಎತ್ತುತ್ತಾ, "ಆಯ್ತು ಬುಡಿ" ಎಂದಳು. ಅಷ್ಟೇ.

ವಾರದೊಳಗೆ ಗಡಿಯಾರ ಬಂತು. ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಖಾದರ್ ಸಾಬರ ಅಂಗಡಿಯಲ್ಲಿ ಯಾರೋ ಕೊಟ್ಟು ಮರೆತು ಹೋಗಿದ್ದ ಗೋಡೆ ಗಡಿಯಾರ. ಅಪ್ಪ ಅದನ್ನು ನಡುಮನೆಯಲ್ಲಿ, ಒಲೆಯ ಮುಂದೆ ಕೂತರೂ ಕಾಣುವಂತೆ ಮೊಳೆ ಹೊಡೆದು ತಗುಲಿಸಿದ. ಅವ್ವನಿಗೆ ಓದಲು ಬಾರದಲ್ಲ, ಅದಕ್ಕೆ ಒಂದು ದೊಡ್ಡ ಕಾಗದದಲ್ಲಿ ಚಿತ್ರ ಬರೆದ. ಅನ್ನದ ತಪ್ಪಲೆ, ಪಕ್ಕದಲ್ಲಿ ಗಡಿಯಾರದ ಮುಳ್ಳು ಎಲ್ಲಿಂದ ಎಲ್ಲಿಗೆ ಹೋಗಬೇಕೆಂಬ ಗೆರೆ. ಕಾಳಿನ ಮಡಕೆ, ಗೆರೆ. ಹಿಟ್ಟಿನ ಮಡಕೆ, ಗೆರೆ. ಟೈಂಟೇಬಲ್ಲು ಮಾಡುವುದರಲ್ಲಿ ಅಪ್ಪನನ್ನು ಮೀರಿಸುವವರಿರಲಿಲ್ಲ.

ಅವ್ವ ಅದನ್ನು ಚಾಚೂ ತಪ್ಪದೆ ನಡೆಸಿದಳು. ಅಲ್ಲೇ ಇದ್ದದ್ದು ತೊಂದರೆ. ಹಾಡುವಾಗ ಅವ್ವನ ಕಣ್ಣು ಉರಿಯ ಮೇಲಿರುತ್ತಿತ್ತು. ಸೌದೆ ಹಸಿಯಾದರೆ ಎತ್ತು ನಿಧಾನ, ಪುಳ್ಳೆ ಒಣಗಿದ್ದರೆ ಚುರುಕು. ಗಡಿಯಾರಕ್ಕೆ ಹುಣಸೆ ಸೌದೆ ಯಾವುದು, ಜಾಲಿ ಸೌದೆ ಯಾವುದು, ಏನು ಗೊತ್ತು? ಮುಳ್ಳು ಗೆರೆಗೆ ಬಂದೊಡನೆ ಅವ್ವ ಅನ್ನ ಬಸಿದುಬಿಡುತ್ತಿದ್ದಳು. ಅಪ್ಪ ಅಗುಳು ಹಿಸುಕಿ, "ಬೆಂದಿಲ್ಲವಲ್ಲ" ಎಂದರೆ, "ಗಡಿಯಾರ ಬೆಂದದೆ ಅಂತು" ಎಂದು ಸಾರು ಬಡಿಸುತ್ತಿದ್ದಳು. ಮಳೆಗಾಲ ಬಂದು ಸೌದೆ ನೆನೆದ ಮೇಲಂತೂ ಅಪ್ಪ ಅನ್ನವನ್ನು ಅಗಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಆದರೂ ಗಡಿಯಾರ ಇಳಿಸಲಿಲ್ಲ. ಗಂಡು ಜಾತಿ, ತಾನು ಹೊಡೆದ ಮೊಳೆ ತಾನೇ ಕೀಳುವುದುಂಟೇ?

ಕೆಂಪಮ್ಮ ಗೋಡೆ ಮೇಲೆ ತಲೆ ಇಟ್ಟು, "ಏನೇ ಚಿಕ್ಕತಾಯಿ, ನಿನ್ ಗಾಡಿ ಮುರ್ದೋಯ್ತಾ? ನಮ್ಮನೇಲಿ ದಿನಾ ಅನ್ನ ಗಂಜಿ ಆಯ್ತಾ ಕೂತದೆ" ಎಂದಳು. ಅವ್ವ ನಕ್ಕು ಒಳಗೆ ಹೋದಳು.

ನಗು ಇತ್ತು, ಮಾತಿತ್ತು, ಊಟವೂ ಇತ್ತು. ಆದರೆ ಅಡುಗೆಮನೆಯಲ್ಲಿ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ. ನನಗೆ ಆ ಮನೆ ನಮ್ಮದಲ್ಲ ಅನ್ನಿಸತೊಡಗಿತು. ಎಲ್ಲ ನನ್ನ ಹಾಳು ಬಾಯಿಂದ. ಒಂದು ದಿನ ಅವ್ವನ ಸೆರಗು ಹಿಡಿದು, "ಅಪ್ಪ ಇಲ್ಲ, ಒಂದೇ ಒಂದು ನುಡಿ ಯೋಳವ್ವ" ಎಂದು ಅತ್ತೆ. ಅವಳು ಕೂತು, ಬಾಯಿ ತೆರೆದು, ಮುಚ್ಚಿ, "ಬರಾಕಿಲ್ಲ ಕಣ್ ಮಗ. ಬಾಯಿಗೇ ಬರಾಕಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಹೊಗೆ ಎಂದು ಹೇಳಲು ಒಲೆಯೂ ಹತ್ತಿರಲಿಲ್ಲ.

ಅವತ್ತೇ ನಾನು ಖಾದರ್ ಸಾಬರ ಅಂಗಡಿಗೆ ಓಡಿದೆ. ಅವರು ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು.

"ಸಾಬ್ರೆ, ನಮ್ಮನೆ ಗಡಿಯಾರ ಕೆಡಿಸಿಕೊಡಿ" ಎಂದೆ.

ಅವರು ಗಾಜು ತೆಗೆಯದೆಯೇ ನನ್ನನ್ನು ನೋಡಿದರು. "ಕೆಟ್ಟದ್ದ ಸರಿ ಮಾಡಾಕೆ ನಮ್ಮಪ್ಪ ಕಲಿಸ್ದ ಕಣಮ್ಮ. ಸರಿ ಇರೋದ ಕೆಡ್ಸಾಕೆ ಯಾರೂ ಕಲಿಸ್ನಿಲ್ವಲ್ಲ. ಯಾಕೆ, ಏನಾಯ್ತು?"

ಎಲ್ಲ ಹೇಳಿದೆ, ಮೂಗು ಒರೆಸಿಕೊಂಡು. ಸಾಬರು ಗಾಜು ತೆಗೆದಿಟ್ಟರು. "ಗಡಿಯಾರ ನಿಂತೋದ್ರೆ ನಿಮ್ಮವ್ವ ಪದ ಯೋಳ್ತಾಳೆ ಅನ್ಕಂಡ್ಯಾ? ನಿಲ್ಸಿದ್ದು ಗಡಿಯಾರ ಅಲ್ವಲ್ಲವ್ವ. ನಿಲ್ಸಿದೋರ್ನೇ ಓಗಿ ಕೇಳು."

ಹೇಳುವುದು ಸುಲಭ. ಅಪ್ಪನ ಮುಂದೆ ನಿಂತರೆ ನನಗೆ ಹದಿಮೂರರ ಮಗ್ಗಿಯೇ ಮರೆತುಹೋಗುತ್ತಿತ್ತು, ಇದನ್ನೆಲ್ಲಿ ಕೇಳಲಿ? ಶ್ರಾವಣದಲ್ಲಿ ಒಂದು ದಾರಿಯಾಯಿತು. ಅವ್ವನ ತಂಗಿ, ನಮ್ಮ ಚಿಕ್ಕಮ್ಮ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಬಾಣಂತನಕ್ಕೆ ಅವ್ವ ಹೊರಟಳು. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಲಿನ ಗ್ಯಾಸಿನಲ್ಲಿ ಕೆಮ್ಮುತ್ತಾ ಓಡುವ ಮಳವಳ್ಳಿ ಬಸ್ಸಿಗೆ ಅವಳನ್ನು ಹತ್ತಿಸಿ ಬಂದ ಅಪ್ಪ, "ಟೈಂಟೇಬಲ್ ಇದೆಯಲ್ಲ, ನಾವೇ ಮಾಡೋಣ" ಎಂದ.

ಮಾಡಿದೆವು. ಮೊದಲ ದಿನದ ಅನ್ನವನ್ನು ಕಾಗೆಯೂ ಯೋಚನೆ ಮಾಡಿ ತಿಂದಿತು. ಎರಡನೇ ದಿನ ಹಿಟ್ಟು ತೊಳಸುವಾಗ ಮುದ್ದೆಯೊಳಗೆ ಗೋಲಿಯಷ್ಟು ದಪ್ಪ ಗಂಟು. ಮೂರನೇ ದಿನ ಅಪ್ಪ ಪಂಚೆ ಎತ್ತಿ ಕಟ್ಟಿ, ಹಸಿ ಸೌದೆಗೆ ಊದುಗೊಳವೆಯಲ್ಲಿ ಊದಿ ಊದಿ, ಕಣ್ಣು ಕೆಂಡವಾಗಿ, ಗಡಿಯಾರ ನೋಡಿ, ಮಡಕೆ ನೋಡಿ, ಕೊನೆಗೆ ನನ್ನ ಕಡೆ ತಿರುಗದೆ ಕೇಳಿದ:

"ಆ ಪದ... ಹೇಗೆ ಶುರುವಾಗುತ್ತದೆ?"

ನಾನು ಹಿಟ್ಟು ಸುರಿದು ಎತ್ತು ಕಟ್ಟಿದೆ. ಮೊದಲ ನುಡಿ ಆಯಿತು. ಎರಡರಲ್ಲಿ, ಕೆರೆ ಏರಿಯ ಅರ್ಧದಲ್ಲಿ, ಏನು ಮಾಡಿದರೂ ಸಾಲು ನೆನಪಾಗದು. ಗಾಡಿ ನಿಂತುಬಿಟ್ಟಿತು. ಆಗ ನನ್ನ ಪಕ್ಕದಿಂದ ಒಂದು ಗೊಗ್ಗರು ದನಿ ಆ ಸಾಲನ್ನು ಎತ್ತಿಕೊಂಡಿತು. ಅಪ್ಪ! ಹನ್ನೆರಡು ವರ್ಷ ಕೇಳಿದ್ದನಲ್ಲ, ಅಕ್ಷರ ಅಕ್ಷರ ಗೊತ್ತಿತ್ತು ಕಳ್ಳನಿಗೆ. ಕೆರೆ ದಾಟಿದೊಡನೆ, "ತೊಳ್ಸು, ತೊಳ್ಸು, ತಳ ಇಡೀತದೆ ಕಣವ್ವ!" ಎಂದು ಕೂಗಿದ. ನಾಲಿಗೆಯ ಕೋಟು ಎಲ್ಲಿ ಹೋಯಿತೋ. ಅವತ್ತಿನ ಮುದ್ದೆಯಲ್ಲಿ ಒಂದು ಗಂಟಿರಲಿಲ್ಲ. ಅಪ್ಪ ಉಂಡು, ಬಹಳ ಹೊತ್ತು ಕೈ ತೊಳೆಯದೆ ಕೂತಿದ್ದ.

ಅವ್ವ ಬಂದಳು. ಕಾಲು ತೊಳೆದು ಒಳಗೆ ಬರುವುದೇ ತಡ, ಅಪ್ಪ ಗಂಟಲು ಸರಿಮಾಡಿಕೊಂಡು, "ಇನ್ನು ಮುಂದೆ ನೀನು ಆ ಪದ ಹಾಡಬಹುದು. ನನ್ನದೇನೂ ಅಭ್ಯಂತರವಿಲ್ಲ" ಎಂದ. ನಾನು ಕುಣಿಯುವುದೊಂದು ಬಾಕಿ.

ಅವ್ವ ಗಂಟು ಬಿಚ್ಚುತ್ತಾ, "ಅಪ್ಪಣೆ ಕೊಟ್ಟೇಟ್ಗೆ ಬರಾಕೆ ಅದೇನು ನಿಮ್ಮ ಇಸ್ಕೂಲ್ ಉಡ್ಗನಾ?" ಎಂದಳು. "ನಾಕ್ ಜನದ ಮುಂದೆ ನಾಚ್ಕೆ ಆಯ್ತು ಅಂದ್ರಿ. ಈಗ ಯಾರೂ ಇಲ್ದಾಗ ಯೋಳು ಅಂತೀರಿ. ಕದ್ದು ಯೋಳಾಕೆ ಅದೇನು ಕಳ್ ಮಾಲಾ? ಬುಡಿ, ಗಡಿಯಾರ ಅದಲ್ಲ."

ಅಪ್ಪ ಎದ್ದು ಗಡಿಯಾರಕ್ಕೆ ಕೀಲಿ ಕೊಟ್ಟ. ನನಗೆ ಆಸೆ ಬತ್ತಿಹೋಯಿತು. ದಸರೆ ಹೋಯಿತು, ದೀಪಾವಳಿ ಹೋಯಿತು, ಟಿಕ್ ಟಿಕ್ ನಡೆದೇ ಇತ್ತು.

ಮತ್ತೆ ಅವರೆಕಾಯಿ ಬಂತು, ಮತ್ತೆ ಅದೇ ಇನ್ಸ್‌ಪೆಕ್ಟರ್ ಸಾಹೇಬರು. ಈ ಸಲ ಅಪ್ಪನಿಗೆ ಹೆಚ್ಚು ಹೆದರಿಕೆ. ಹೆಡ್‌ಮೇಷ್ಟ್ರ ಕೆಲಸಕ್ಕೆ ಅವನ ಹೆಸರು ಹೋಗಿತ್ತು, ಅದರ ಮೇಲೆ ನಾಲ್ಕು ಸಾಲು ಬರೆಯಬೇಕಾದವರು ಇವರೇ. ಸ್ಕೂಲಿನ ಕೆಲಸ ಬೇಗ ಮುಗಿದು, ಅವರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ಕುರ್ಚಿಯಲ್ಲಿ ಕೂತು ನಸ್ಯದ ಡಬ್ಬಿ ತೆಗೆದು, ಗೋಡೆ ನೋಡಿ, "ಓಹೋ! ಗಡಿಯಾರ ಬಂದಿದೆ. ಸುಧಾರಿಸಿದಿರಿ ಮೇಷ್ಟ್ರೆ" ಎಂದರು. ನನ್ನನ್ನು ನೋಡಿ, "ಏನಮ್ಮ, ಹಾಗಾದರೆ ಗಾಡಿ ಮಾರಿಬಿಟ್ರೋ?" ಎಂದು ನಕ್ಕರು.

ನಾನು ತುಟಿ ಕಚ್ಚಿಕೊಂಡು ನಿಂತೆ. ಒಂದು ವರ್ಷ ಬುದ್ಧಿ ಕಲಿತಿದ್ದೆ. ಒಳಗೆ ಅವ್ವ ಅಕ್ಕಿ ತೊಳೆದು ಎಸರಿಗೆ ಹಾಕಿದ ಸದ್ದು ಕೇಳಿಸಿತು. ಅಪ್ಪ ಗಡಿಯಾರ ನೋಡಿದ. ಅಡುಗೆಮನೆಯ ಬಾಗಿಲು ನೋಡಿದ. ಕೋಟಿನ ಗುಂಡಿ ಒಂದು ಬಿಚ್ಚಿದ. ಸ್ಕೂಲಿನಲ್ಲಿ ಹಾಜರಿ ಕೂಗುವ ದನಿಯಲ್ಲೇ ಶುರುಮಾಡಿದ:

"ಕಟ್ಟಣ್ಣ ಗಾಡಿ, ಕರಿಯೆತ್ತು ಬಿಳಿಯೆತ್ತು..."

ಸಾಹೇಬರ ನಸ್ಯದ ಚಿಟಿಕೆ ಮೂಗಿನ ಹತ್ತಿರ ಹೋದದ್ದು ಅಲ್ಲೇ ನಿಂತಿತು. ರಾಗವಿಲ್ಲ, ತಾಳವಿಲ್ಲ, ಅಪ್ಪನ ಹಣೆಯಿಂದ ಬೆವರು ಇಳಿಯುತ್ತಿದೆ. ಹೆದರಿಕೆಗೆ ಎರಡು ಸಲ ಹಾಡಬೇಕಾದ ಸಾಲನ್ನು ಒಂದೇ ಸಲಕ್ಕೆ ಮುಗಿಸಿ, ಎತ್ತುಗಳನ್ನು ಬಾಲ ಮುರಿದು ಓಡಿಸುವಂತೆ ಮೊದಲ ನುಡಿ ದಾಟಿ ಎರಡಕ್ಕೆ ಹಾರಿದ. ಒಳಗಿನಿಂದ ಒಂದು ಸದ್ದಿಲ್ಲ. ಸಾಹೇಬರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅಪ್ಪ ನಿಲ್ಲಿಸಲಿಲ್ಲ. ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಅವತ್ತು ನನಗೆ ನಮ್ಮಪ್ಪನ ಮೇಲೆ ಬಂದಷ್ಟು ಪ್ರೀತಿ ಅದಕ್ಕೆ ಮುಂಚೆಯೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಆಗ ಅಡುಗೆಮನೆಯಿಂದ ಕೂಗು ಬಂತು.

"ಅಯ್, ಎತ್ತ ಅಂಗ್ ಓಡುಸ್ಬ್ಯಾಡಿ ಅಂದ್ರೆ! ಅಕ್ಕಿ ಈಗಿನ್ನೂ ಆಕಿವ್ನಿ!"

ಆಮೇಲೆ, ಒಂದು ವರ್ಷದ ಮೇಲೆ, ಅವ್ವ ಮೊದಲ ನುಡಿಯಿಂದ ತಾನೇ ಎತ್ತಿಕೊಂಡಳು. ನಿಧಾನವಾಗಿ, ಒಂದೊಂದು ಸಾಲನ್ನೂ ಎರಡೆರಡು ಸಲ. ಗೋಡೆಯಾಚೆ ಕೆಂಪಮ್ಮನ ಪಾತ್ರೆಯೊಂದು ದಡಬಡ ಎಂದಿತು. ನಾನು ಕಂಬ ಹಿಡಿದುಕೊಂಡು ಅತ್ತೆ. ಸಂತೋಷಕ್ಕೆ ಅಷ್ಟು ಅತ್ತದ್ದು ಅದೇ ಮೊದಲು.

ಸಾಹೇಬರು ನಸ್ಯವನ್ನು ಮರಳಿ ಡಬ್ಬಿಗೆ ಹಾಕಿದರು. ಅಡುಗೆಮನೆಯ ಕಡೆ ಕಿವಿಗೊಟ್ಟು, ಮೆಲ್ಲಗೆ ಕೇಳಿದರು: "ಊಟಕ್ಕೆ ಇನ್ನೆಷ್ಟು ಹೊತ್ತು ಮೇಷ್ಟ್ರೆ?"

ಅಪ್ಪ ಹಣೆ ಒರೆಸಿಕೊಂಡು, ಪುಸ್ತಕದ ಮಾತೆಲ್ಲ ಬಿಟ್ಟು, ಹುಟ್ಟಿದೂರಿನ ಮಾತಿನಲ್ಲೇ ಹೇಳಿದ:

"ನನ್ನ ಕೇಳ್ಬ್ಯಾಡಿ ಸಾರ್. ಈ ಮನೇಲಿ ಹೊತ್ತು ಅವಳ್ದು."